ಆ ಹುಚ್ಚನ್ನು ಬಿಡಬೇಡಿ

ಪ್ರಶ್ನೆ: ನಾನು ಅರಸೀಕೆರೆ ಕಡೆಯವಳು. ಹಾಸನದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ಹಳೇ ಕಾಲದ ಉಡುಪು ಅಂದ್ರೆ ನನಗೆ ಪ್ರಾಣ. ಬೇಲೂರಿಗೆ ಹೋದಾಗಲೆಲ್ಲ ಮದನಿಕೆಯರ ಒಡವೆ, ತುರುಬು ಎಲ್ಲ ಬರೆದುಕೊಂಡು ಬರುತ್ತೇನೆ. ಸಿನಿಮಾ, ನಾಟಕಗಳಿಗೆ ವಸ್ತ್ರವಿನ್ಯಾಸ ಮಾಡುವ ಆಸೆ. ಮನೆಯಲ್ಲಿ, ‘ಬೇಕಿದ್ರೆ ಫ್ಯಾಷನ್ ಡಿಸೈನ್ ಕೋರ್ಸ್ ಮಾಡು, ಈ ಹಳೇ ಹುಚ್ಚು ಬಿಡು’ ಅಂತಾರೆ. ಏನು ಮಾಡಲಿ?

ಉತ್ತರ: ಕೋರ್ಸ್ ಮಾಡಿ, ಬೇಡ ಅನ್ನುವುದಿಲ್ಲ. ಅಳತೆ, ಕಟಿಂಗು, ಹೊಲಿಗೆ ಗೊತ್ತಿಲ್ಲದೆ ಈ ಕೆಲಸ ಆಗುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಫ್ಯಾಷನ್ ಸಂಸ್ಥೆ ನಿಫ್ಟ್‌ನಲ್ಲಿ ಸೀಟು ಸಿಕ್ಕರೆ ಖಂಡಿತ ಹೋಗಿ. ಆದರೆ ಹುಚ್ಚು ಬಿಡು ಅನ್ನುವ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ ತಂಗಿ. ನಿಮ್ಮ ಬಂಡವಾಳವೇ ಅದು.

ಜಾನ್ ಮೊಲ್ಲೊ ಎಂಬ ಇಂಗ್ಲಿಷರೊಬ್ಬರಿಗೆ ಹಳೇ ಕಾಲದ ಸೈನಿಕರ ಸಮವಸ್ತ್ರದ ಗೀಳಿತ್ತು. ಅದರ ಮೇಲೆ ಪುಸ್ತಕಗಳನ್ನೇ ಬರೆದರು. ಸಿನಿಮಾದವರು ಬಂದು ಸಮವಸ್ತ್ರದ ಬಗ್ಗೆ ಸಲಹೆ ಕೇಳತೊಡಗಿದರು. ಹೇಳಿಕೊಡುತ್ತಾ ಹೇಳಿಕೊಡುತ್ತಾ ತಾವೇ ವಸ್ತ್ರವಿನ್ಯಾಸಕ್ಕೆ ಇಳಿದರು. ‘ಸ್ಟಾರ್ ವಾರ್ಸ್’ಗೆ 1978ರಲ್ಲಿ ಆಸ್ಕರ್ ಬಂತು. 1983ರಲ್ಲಿ ‘ಗಾಂಧಿ’ ಚಿತ್ರಕ್ಕೆ ಇನ್ನೊಂದು. ಆ ಎರಡನೆಯದನ್ನು ಅವರ ಜೊತೆ ಹಂಚಿಕೊಂಡವರು ಕೊಲ್ಹಾಪುರದಲ್ಲಿ ಹುಟ್ಟಿದ ನಮ್ಮ ಭಾನು ಅಥೈಯಾ. ಆಸ್ಕರ್ ಪಡೆದ ಮೊದಲ ಭಾರತೀಯರು ಅವರೇ. ಸಿನಿಮಾಕ್ಕೆ ಬರುವ ಮೊದಲು ಅವರು ಮಹಿಳಾ ಪತ್ರಿಕೆಗೆ ಉಡುಪಿನ ಚಿತ್ರ ಬರೆಯುತ್ತಿದ್ದರು. ನಮ್ಮ ರಂಗಭೂಮಿಯಲ್ಲೇ ಪ್ರೇಮಾ ಕಾರಂತರು ಇದ್ದರಲ್ವಾ? ಎಷ್ಟು ನಾಟಕಗಳಿಗೆ ಉಡುಪು ಮಾಡಿಕೊಟ್ಟವರು! ಮನೆಯಲ್ಲಿ ಈ ಹೆಸರುಗಳನ್ನು ಹೇಳಿ.

ಈಗ ನಿಮ್ಮನ್ನು ಸ್ವಲ್ಪ ಗದರಬೇಕು. ಒಡವೆ, ತುರುಬು ಬರೆದುಕೊಂಡೆ ಅಂದಿದ್ದೀರಿ. ಬಟ್ಟೆ ಎಲ್ಲಿ? ಮದನಿಕೆಯರಲ್ಲಿ ಒಬ್ಬಳ ಬಟ್ಟೆಯನ್ನು ಕೋತಿ ಹಿಡಿದು ಎಳೆಯುತ್ತದೆ. ಮುಂದಿನ ಸಲ ಅವಳ ಕೆಳಗೇ ನಿಂತುಕೊಳ್ಳಿ. ಬಟ್ಟೆ ಸೊಂಟದಲ್ಲಿ ಯಾವುದರ ಹಿಡಿತದಲ್ಲಿದೆ, ಎಳೆದ ಕಡೆ ಹೇಗೆ ಸಡಿಲಾಗಿದೆ, ಅಂಚು ಎಲ್ಲಿ ಮುಗಿಯುತ್ತದೆ, ಅದನ್ನು ಬರೆಯಿರಿ. ಉಟ್ಟ ಬಟ್ಟೆಯ ಗುಟ್ಟು ತಿಳಿಯುವುದು ಅದು ಜಾರುವಾಗಲೇ.

ಕಲ್ಲು ಬಣ್ಣ ಹೇಳುವುದಿಲ್ಲ. ಅದಕ್ಕೆ ಓದಬೇಕು, ತಿರುಗಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಅರಸರ ಬಟ್ಟೆಬರೆಗೆಂದೇ ಒಂದು ಭಾಗ ಬರೆದಿದ್ದಾನೆ. ಅದೂ ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲೇ. ವಿಜಯನಗರದ ಉಡುಪು ಬೇಕಾದರೆ ಲೇಪಾಕ್ಷಿಗೆ ಹೋಗಿ ತಲೆ ಎತ್ತಿ ಚಾವಣಿ ನೋಡಿ. ಉದ್ದನೆಯ ಕುಲ್ಲಾಯಿ ಟೋಪಿ, ಸೀರೆಯ ಮೇಲಿನ ಚಿತ್ತಾರ, ಎಲ್ಲ ಬಣ್ಣದಲ್ಲೇ ಇದೆ.

ಇಷ್ಟೆಲ್ಲ ಇದ್ದೂ ಐತಿಹಾಸಿಕ ಧಾರಾವಾಹಿಗಳಲ್ಲಿ ಏನು ನೋಡುತ್ತಿದ್ದೇವೆ? ಬೇಲೂರಿನ ಗುಡಿ 1117ರದ್ದು. ಆ ಕಾಲದ ರಾಣಿಗೆ ಕಣ್ಣು ಕುಕ್ಕುವ ಗುಲಾಬಿ ಬಣ್ಣದ ಪಾಲಿಯೆಸ್ಟರ್ ಸೀರೆ ಉಡಿಸುತ್ತಾರೆ. ರಾಸಾಯನಿಕ ಬಣ್ಣ ಬಂದದ್ದೇ 1856ರಲ್ಲಿ. ನೆರಿಗೆಗೆ ಚುಚ್ಚುವ ಸೇಫ್ಟಿ ಪಿನ್ನು 1849ರದ್ದು. ಕೇಳಿದರೆ, ‘ಜನಕ್ಕೆ ಏನು ಗೊತ್ತಾಗುತ್ತೆ ಸಾರ್’ ಅಂತಾರೆ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ದಿನಾ ಗುಡಿಯ ಮುಂದೆ ಓಡಾಡುವ ನಮ್ಮ ಜಿಲ್ಲೆಯ ಜನಕ್ಕೆ ಗೊತ್ತಾಗಲ್ವಾ? ಸೆಟ್‌ಗೆ ಲಕ್ಷಾಂತರ ಸುರಿಯುತ್ತಾರೆ. ಬಟ್ಟೆಯ ಸರದಿ ಬರುವಾಗ ದುಡ್ಡೂ ಇರುವುದಿಲ್ಲ, ದಿನವೂ ಇರುವುದಿಲ್ಲ. ಬಾಡಿಗೆ ಡ್ರೆಸ್ ತಂದು ತೊಡಿಸಿಬಿಡುತ್ತಾರೆ.

ಅವರನ್ನಷ್ಟೇ ಅಂದು ಏನು ಮಾಡೋಣ? ಮನೆಗಳಲ್ಲಿ ನಾವೇನು ಉಳಿಸಿಕೊಂಡಿದ್ದೇವೆ? ‘ಹಳೇ ಜರಿ ಸೀರೆ’ ಅಂತ ಬೀದಿಯಲ್ಲಿ ಕೂಗಿದರೆ ಸಾಕು, ಅಜ್ಜಿಯ ಧಾರೆ ಸೀರೆಯನ್ನು ತೂಕಕ್ಕೆ ಹಾಕುತ್ತೇವೆ. ಕೊಂಡವರು ಅದನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಅಂಚು, ಸೆರಗು, ನೇಯ್ಗೆ, ಎಲ್ಲ ಬೂದಿ. ಮಲೆನಾಡಿನ ಹೆಂಗಸರು ಗಂಟು ಹಾಕಿ ಉಡುತ್ತಿದ್ದ ಗೊಬ್ಬೆ ಸೆರಗು ಕಟ್ಟಬಲ್ಲವರು ಈಗ ಎಷ್ಟು ಮನೆಯಲ್ಲಿದ್ದಾರೆ? ಮಳೆಗೆ ಹಾಕುತ್ತಿದ್ದ ಕಂಬಳಿಕೊಪ್ಪೆಯನ್ನು ಮಡಿಸುವ ರೀತಿ ಇಂದಿನ ಹುಡುಗರಿಗೆ ಗೊತ್ತಾ? ರಾಜರ ಉಡುಪಾದರೂ ಕಲ್ಲಿನಲ್ಲಿ ಉಳಿಯಿತು. ಇವೆಲ್ಲ ಯಾವ ಗೋಡೆಯ ಮೇಲೂ ಇಲ್ಲ.

ಆದ್ದರಿಂದ ಪರೀಕ್ಷೆ ಮುಗಿದ ಮೇಲೆ ಕೊಪ್ಪ, ಶೃಂಗೇರಿ ಕಡೆ ಹೋಗಿ. ವಯಸ್ಸಾದ ಹೆಂಗಸರ ಹತ್ತಿರ ಕೂತು ನಿಮಗೇ ಉಡಿಸಿಕೊಳ್ಳಿ. ಸೀರೆ ಎಷ್ಟು ಮೊಳ, ಗಂಟು ಎಲ್ಲಿ, ಗದ್ದೆಗೆ ಇಳಿಯುವಾಗ ಎಷ್ಟು ಮೇಲೆ ಕಟ್ಟುತ್ತಿದ್ದರು, ಎಲ್ಲ ಕೇಳಿ ಬರೆದುಕೊಳ್ಳಿ. ಚಿತ್ರ ಮಾಡಿ ನಮಗೆ ಕಳಿಸಿ. ನಿಮ್ಮ ಹೆಸರು ಹಾಕಿ ಅಚ್ಚು ಮಾಡುತ್ತೇವೆ, ಸಂಭಾವನೆಯನ್ನೂ ಕೊಡುತ್ತೇವೆ.