ದೂರದಲ್ಲಿ ಇಳಿಯುವ ಕ್ಲೇ ಯಾಕೆ ಒಡೆಯುವುದಿಲ್ಲ?

ಕ್ಲೇ ಶೂಟಿಂಗಿನಲ್ಲಿ, ಅಂದರೆ ಯಂತ್ರ ಗಾಳಿಗೆ ಎಸೆಯುವ ಬಿಲ್ಲೆಗಳನ್ನು ಬಂದೂಕಿನಿಂದ ಹೊಡೆಯುವ ಆಟದಲ್ಲಿ, ಹತ್ತಿರದ ಬಿಲ್ಲೆಗಳು ಒಡೆಯುತ್ತವೆ, ದೂರ ಹೋಗಿ ಕೆಳಗಿಳಿಯುವುದು ಮಾತ್ರ ಒಂದೂ ಒಡೆಯಲ್ಲ, ಲೀಡ್ (ಬಿಲ್ಲೆಗಿಂತ ಮುಂದೆ ಗುರಿ ಇಡುವ ಅಂತರ) ಎಷ್ಟು ಕೊಡಬೇಕು ಅಂತ ಕೇಳಿದ್ದೀರಿ. ಲೀಡ್ ಆಮೇಲೆ ನೋಡೋಣ. ನಿಮ್ಮ ಈಡು ಬಹುಶಃ ಬಿಲ್ಲೆಯ ಮೇಲಿಂದ ಹೋಗ್ತಿದೆ.

ನಾನೂ ಹಾಗೇ ಇದ್ದೆ. ಇಂಗ್ಲೆಂಡಿಗೆ ಬಂದ ಮೇಲೆ ಈ ಆಟ ಕಲಿತವನು. ಒಂದು ಭಾನುವಾರ ಒಂದೇ ಸ್ಟ್ಯಾಂಡಿನಲ್ಲಿ (ನಿಂತು ಹೊಡೆಯುವ ಜಾಗ) ಹತ್ತು ತೋಟಾ ಸುಟ್ಟೆ, ಒಂದು ಚೂರೂ ಉದುರಲಿಲ್ಲ. ಹಿಂದೆ ನಿಂತಿದ್ದ ಅಜ್ಜ ಪ್ರತಿ ಸಲ "ಮೇಲೆ ಹೋಯ್ತು" ಅನ್ನುತ್ತಿದ್ದರು. ನಾನೋ, ಲೀಡ್ ಸಾಲದು ಅಂದುಕೊಂಡು ಇನ್ನೂ ಮುಂದೆ, ಇನ್ನೂ ಮುಂದೆ ಹೊಡೆಯುತ್ತಾ ಹೋದೆ.

ಮನೆಗೆ ಬಂದು ಲೆಕ್ಕ ಹಾಕಿದಾಗ ಅರ್ಥವಾಯಿತು. 40 ಗಜ ದೂರಕ್ಕೆ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ತಲುಪಲು ಹೆಚ್ಚುಕಡಿಮೆ ಸೆಕೆಂಡಿನ ಎಂಟನೇ ಒಂದು ಭಾಗ ಬೇಕು. ಬಿಲ್ಲೆ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬೀಳುತ್ತಿದೆ ಅಂದುಕೊಳ್ಳಿ. ಅಷ್ಟರಲ್ಲಿ ಅದು 1 ಮೀಟರ್ ಕೆಳಗೆ ಹೋಗಿರುತ್ತೆ! ಆ ದೂರದಲ್ಲಿ ಕೆಲಸಕ್ಕೆ ಬರುವಷ್ಟು ಒತ್ತಾಗಿ ಚರೆ ಹರಡುವ ಅಗಲವೇ ಸುಮಾರು 75 ಸೆಂ.ಮೀ. ನೇರ ಬಿಲ್ಲೆಗೇ ಗುರಿ ಇಟ್ಟರೆ ಎಲ್ಲ ಚರೆಯೂ ಅದರ ತಲೆ ಮೇಲೆ ಹಾದುಹೋಗುತ್ತೆ. (ಚರೆಯೂ ಬೀಳುತ್ತಲ್ವಾ ಅಂತೀರಾ? ಬೀಳುತ್ತೆ, ಅಂಗೈ ಅಗಲದಷ್ಟು.)

ಹಾಗಾಗಿ ಬ್ಯಾರೆಲ್ ಮೊದಲೇ ಬಿಲ್ಲೆಯ ದಾರಿಗಿಂತ ಕೆಳಗಿರಲಿ. ಮೇಲಿಂದ ಬೆನ್ನಟ್ಟಿಕೊಂಡು ಬಂದರೆ ಬ್ಯಾರೆಲ್ಲೇ ಬಿಲ್ಲೆಯನ್ನು ಮುಚ್ಚಿಬಿಡುತ್ತೆ. ಆಗ ಇಣುಕಿ ನೋಡೋಣ ಅಂತ ನಮಗೆ ಗೊತ್ತಿಲ್ಲದೇ ತಲೆ ಎತ್ತುತ್ತೇವೆ, ಕೆನ್ನೆ ಸ್ಟಾಕ್ (ಕೆನ್ನೆಗೆ ಒತ್ತಿ ಹಿಡಿಯುವ ಬಂದೂಕಿನ ಹಿಂಭಾಗ) ಬಿಡುತ್ತೆ, ಈಡು ಇನ್ನೂ ಮೇಲೆ. ಕೆಳಗಿದ್ದರೆ ಬಿಲ್ಲೆ ಪೂರ್ತಿ ಕಾಣುತ್ತೆ. ಬಲದಿಂದ ಎಡಕ್ಕೆ ಇಳಿಯುತ್ತಿದ್ದರೆ, ಗಡಿಯಾರದಲ್ಲಿ ಏಳು ಗಂಟೆ ಇರುವ ಜಾಗ ಇದೆಯಲ್ಲ, ಬಿಲ್ಲೆಯ ಆ ಅಂಚನ್ನೇ ನೋಡಿ. ಕಣ್ಣು ಅಲ್ಲಿಟ್ಟರೆ ಕೈ ತಾನಾಗಿ ಕೆಳಗೂ ಮುಂದೂ ಹೋಗುತ್ತೆ. ಟ್ರಿಗರ್ ಎಳೆದ ಮೇಲೂ ಸ್ವಿಂಗ್ (ಬಿಲ್ಲೆಯ ಜೊತೆ ಬಂದೂಕು ತಿರುಗಿಸುವುದು) ನಿಲ್ಲಿಸಬೇಡಿ.

ಮೊದಲು ಮೂರ್ನಾಲ್ಕು ಬಿಲ್ಲೆಗಳನ್ನು ಹೊಡೆಯದೆ ಸುಮ್ನೆ ನೋಡಿ. ತುದಿಗೆ ಏರಿದಾಗ ನಿಂತ ಹಾಗೆ ಕಾಣುತ್ತಲ್ಲ, ಅದು ಮೋಸ. ಆಗಲೂ ಮುಂದೆ ಹೋಗುತ್ತಲೇ ಇರುತ್ತೆ. ಆದರೂ ಅಲ್ಲೇ ಚೆನ್ನಾಗಿ ಕಾಣುತ್ತೆ ಅನ್ನಿಸಿದರೆ ಅಲ್ಲೇ ಹೊಡೆಯಿರಿ, ಇಳಿಯುವವರೆಗೂ ಕಾಯಲೇಬೇಕು ಅಂತೇನಿಲ್ಲ.

ಚೋಕ್ (ಚರೆ ಎಷ್ಟು ಹರಡಬೇಕು ಅಂತ ನಿರ್ಧರಿಸುವ, ಬ್ಯಾರೆಲ್ ತುದಿಯ ಬಿಗಿ) ಬದಲಾಯಿಸುತ್ತಾ ಕೂರಬೇಡಿ. ನಾನು ಎರಡೂ ಬ್ಯಾರೆಲ್‌ಗೆ ಹಾಫ್ ಚೋಕ್ (ಮಧ್ಯಮ ಬಿಗಿ) ಹಾಕಿ ಮರೆತುಬಿಟ್ಟಿದ್ದೇನೆ.

ಮುಂದಿನ ವಾರ ಅದೇ ಸ್ಟ್ಯಾಂಡಿಗೆ ಹೋಗಿ, ಬಿಲ್ಲೆಯ ಕೆಳಗೆ, ಬರೀ ಹುಲ್ಲು ಕಾಣುವ ಕಡೆ ಹೊಡೆದೆ. ದುಡ್ಡು ದಂಡ ಅನ್ನಿಸಿತ್ತು. ಬಿಲ್ಲೆ ಕರೀ ಹೊಗೆಯಾಯಿತು.

ಅಂದಹಾಗೆ, ನಿಮಗೆ ತಪ್ಪುವುದು ಎಡದಿಂದ ಬಲಕ್ಕೆ ಹೋಗುವುದಾ? ನೀವು ಬಲಗೈಯವರಾದರೆ ಆ ಕಡೆ ತಿರುಗುವಾಗ ಸ್ಟಾಕ್ ಕೆನ್ನೆಯಿಂದ ದೂರ ಸರಿಯುತ್ತೆ. ಅದರ ಕಾಟ ಬೇರೆ. ಯಾವ ಕಡೆ ಅಂತ ಬರೆಯಿರಿ.