ಓದುಗರ ಪ್ರಶ್ನೆ: ಮನೆ ಬೆಚ್ಚಗಿರಬೇಕು, ಬಿಲ್ಲೂ ಇಳಿಯಬೇಕು

ಪ್ರಶ್ನೆ: ಇಂಗ್ಲೆಂಡಿನಲ್ಲಿ ಹಳೆಯ ಟೆರೇಸ್ ಮನೆಯೊಂದರಲ್ಲಿ (ಅಕ್ಕಪಕ್ಕದ ಮನೆಗಳೊಂದಿಗೆ ಗೋಡೆ ಹಂಚಿಕೊಂಡ ಸಾಲುಮನೆ) ಬಾಡಿಗೆಗಿದ್ದೇವೆ. ಮನೆ ಕಾಯಿಸಲೂ ಸ್ನಾನದ ನೀರಿಗೂ ಒಂದೇ ಗ್ಯಾಸ್ ಕಾಂಬಿ ಬಾಯ್ಲರ್ ಇದೆ. ಹೀಟಿಂಗನ್ನು ದಿನವಿಡೀ ಸಣ್ಣಗೆ ಹಾಕಿಟ್ಟರೆ ಉಳಿತಾಯ ಎಂದು ಕೆಲವರು, ಬೇಕಾದಾಗ ಮಾತ್ರ ಹಾಕಿ ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ? ಮಲಗುವ ಕೋಣೆಯಲ್ಲಿ ಬೀರುವಿನ ಹಿಂದೆ ಕಪ್ಪು ಬೂಷ್ಟು ಬೇರೆ ಹಿಡಿದಿದೆ.
– ಓದುಗರು, ಲೆಸ್ಟರ್

ಉತ್ತರ: ಬೇಕಾದಾಗ ಮಾತ್ರ ಹಾಕುವುದೇ ಸರಿ. ಒಳಗೂ ಹೊರಗೂ ಇರುವ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಗೋಡೆ, ಕಿಟಕಿ, ಸೂರುಗಳಿಂದ ಶಾಖ ಹೆಚ್ಚು ಸೋರುತ್ತದೆ. ಯಾರೂ ಇಲ್ಲದ ಹೊತ್ತಿನಲ್ಲಿ ಮನೆ ತಣ್ಣಗಿದ್ದರೆ ಆ ಸೋರಿಕೆ ಅಷ್ಟು ಕಡಿಮೆ. ಏಳುವ ಮುಕ್ಕಾಲು ಗಂಟೆ ಮೊದಲು ಹೊತ್ತಿಕೊಂಡು, ಮಲಗುವ ಅರ್ಧ ಗಂಟೆ ಮೊದಲು ಆರುವಂತೆ ಟೈಮರ್ ಇಡಿ. ಕೂಸು ಅಥವಾ ವಯಸ್ಸಾದವರು ಮನೆಯಲ್ಲಿದ್ದರೆ ಅವರಿರುವ ಕೋಣೆ 18 ಡಿಗ್ರಿಗಿಂತ ಕೆಳಗಿಳಿಯದಿರಲಿ. ಅಲ್ಲಿ ಉಳಿತಾಯದ ಮಾತು ಬೇಡ.

ಕಾಸಿಲ್ಲದೆ ಸಿಗುವ ದೊಡ್ಡ ಉಳಿತಾಯ ಇರುವುದು ಬಾಯ್ಲರ್‌ನ ಮೈಮೇಲೇ. ಅದರಲ್ಲಿ ಎರಡು ತಿರುಗುಗುಂಡಿ ಅಥವಾ ಒತ್ತುಗುಂಡಿಗಳಿರುತ್ತವೆ. ನಲ್ಲಿಯ ಚಿತ್ರವಿರುವುದು ಸ್ನಾನದ ನೀರಿಗೆ, ರೇಡಿಯೇಟರ್ (ಒಳಗೆ ಬಿಸಿನೀರು ಹರಿದು ಕೋಣೆ ಕಾಯಿಸುವ ಲೋಹದ ಫಲಕ) ಚಿತ್ರವಿರುವುದು ಮನೆ ಕಾಯಿಸುವ ನೀರಿಗೆ. ಈ ಎರಡನೆಯದನ್ನು ಅನೇಕ ಮನೆಗಳಲ್ಲಿ 70–80 ಡಿಗ್ರಿಯಲ್ಲಿ ಬಿಟ್ಟುಬಿಟ್ಟಿರುತ್ತಾರೆ. 2005ರ ನಂತರ ಇಂಗ್ಲೆಂಡಿನಲ್ಲಿ ಕೂಡಿಸಿದ ಗ್ಯಾಸ್ ಬಾಯ್ಲರ್‌ಗಳು ಬಹುಪಾಲು ಕಂಡೆನ್ಸಿಂಗ್ ಮಾದರಿಯವು. ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ ಅದರ ಶಾಖವನ್ನೂ ಬಳಸಿಕೊಳ್ಳುವುದು ಇವುಗಳ ವಿಶೇಷ. ಆದರೆ ರೇಡಿಯೇಟರ್‌ಗಳಿಂದ ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆವಿ ನೀರಾಗುತ್ತದೆ. 80 ಡಿಗ್ರಿಯಲ್ಲಿ ಓಡಿಸಿದರೆ ಮರಳುವ ನೀರೂ ಬಿಸಿಯೇ, ಆ ಶಾಖವೆಲ್ಲ ಚಿಮಣಿಯ ಪಾಲು.

ಹಾಗಾಗಿ ರೇಡಿಯೇಟರ್ ಗುಂಡಿಯನ್ನು 60ಕ್ಕೆ ಇಳಿಸಿ. ಚಳಿ ಮೆದುವಾಗಿರುವ ತಿಂಗಳಲ್ಲಿ 55 ಸಾಕು. ರೇಡಿಯೇಟರ್ ಮುಟ್ಟಿದರೆ ಮೊದಲಿನಂತೆ ಕೈ ಸುಡುವುದಿಲ್ಲ, ಕೋಣೆ ಬೆಚ್ಚಗಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅದಕ್ಕೆ ಇನ್ನೂ ಇಪ್ಪತ್ತು ನಿಮಿಷ ಮೊದಲೇ ಹೊತ್ತಿಕೊಳ್ಳುವಂತೆ ಟೈಮರ್ ಇಟ್ಟರಾಯಿತು. ಹಿಮ ಬೀಳುವ ದಿನಗಳಲ್ಲಿ ಕೋಣೆ ಬಯಸಿದ ಬಿಸಿಗೆ ಬರದೇ ಹೋದರೆ 5 ಡಿಗ್ರಿ ಏರಿಸಿ. ಗೋಡೆಯ ಥರ್ಮೋಸ್ಟಾಟ್ (ಕೋಣೆ ಬಯಸಿದ ಬಿಸಿಗೆ ಬಂದಾಗ ಬಾಯ್ಲರ್ ನಿಲ್ಲಿಸುವ ಸಾಧನ) ಬೇರೆಯೇ ವಸ್ತು, ಅದನ್ನು ಇದಕ್ಕಾಗಿ ಮುಟ್ಟಬೇಡಿ. ಒಂದು ಎಚ್ಚರಿಕೆ: ಇದು ನೀರಿನ ಟ್ಯಾಂಕ್ ಇಲ್ಲದ ಕಾಂಬಿಗೆ ಹೇಳಿದ ಮಾತು. ಬಿಸಿನೀರು ಟ್ಯಾಂಕಿನಲ್ಲಿ ನಿಲ್ಲುವ ಮನೆಗಳಲ್ಲಿ ಆ ನೀರು 60 ಡಿಗ್ರಿ ಮುಟ್ಟಲೇಬೇಕು, ಇಲ್ಲವಾದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ರೇಡಿಯೇಟರ್ ಪಕ್ಕದ ಅಂಕಿಯ ತಿರುಪಿನಲ್ಲಿ 3 ಎಂದರೆ ಸುಮಾರು 20 ಡಿಗ್ರಿ. ಬಳಸದ ಕೋಣೆಗೆ 1 ಅಥವಾ 2 ಇರಲಿ, ಪೂರ್ತಿ ಮುಚ್ಚಿದರೆ ಅಲ್ಲೂ ಬೂಷ್ಟು ಬರುತ್ತದೆ. ಗೋಡೆಯ ಥರ್ಮೋಸ್ಟಾಟ್ ಇರುವ ಕೋಣೆಯಲ್ಲಿ ಮಾತ್ರ ಈ ತಿರುಪು ಪೂರ್ತಿ ತೆರೆದಿರಬೇಕು. ಅಲ್ಲಿನ ರೇಡಿಯೇಟರ್ ಮೊದಲೇ ನಿಂತುಬಿಟ್ಟರೆ ಥರ್ಮೋಸ್ಟಾಟಿಗೆ ಬಿಸಿಯೇ ತಲುಪದೆ, ಬಾಯ್ಲರ್ ಸುಮ್ಮನೆ ಉರಿಯುತ್ತಲೇ ಇರುತ್ತದೆ.

ರೇಡಿಯೇಟರ್ ಮೇಲ್ಭಾಗ ತಣ್ಣಗೆ, ಕೆಳಗೆ ಬಿಸಿ ಎಂದಾದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ಆರಿಸಿ, ಆರಲು ಬಿಡಿ. ಮೇಲ್ತುದಿಯ ಚೌಕ ತಿರುಪಿಗೆ ಬ್ಲೀಡ್ ಕೀಲಿ ಹಾಕಿ, ಕೆಳಗೆ ಬಟ್ಟೆ ಹಿಡಿದು, ಎಡಕ್ಕೆ ಕಾಲು ಸುತ್ತು ತಿರುಗಿಸಿ. ಬುಸ್ಸೆಂದು ಗಾಳಿ ಹೋಗಿ ನೀರು ಜಿನುಗಿದ ಕೂಡಲೇ ಮುಚ್ಚಿ. ನಂತರ ಬಾಯ್ಲರ್‌ನ ಒತ್ತಡದ ಮುಳ್ಳು 1ರಿಂದ 1.5 ಬಾರ್ ನಡುವೆ ಇದೆಯೇ ನೋಡಿ, ಇಳಿದಿದ್ದರೆ ಬಾಯ್ಲರಿಗೆ ನಲ್ಲಿನೀರು ಬಿಡುವ ಸಣ್ಣ ಕೊಳವೆಯಾದ ಫಿಲ್ಲಿಂಗ್ ಲೂಪ್‌ನಿಂದ ನೀರು ತುಂಬಿಸಿ. ತಳಭಾಗವೇ ತಣ್ಣಗಿದ್ದರೆ ಒಳಗೆ ಕೆಸರು ಕಟ್ಟಿದೆ ಎಂದರ್ಥ. ಅದನ್ನು ತೊಳೆಸುವುದು ಮನೆ ಮಾಲೀಕರ ಕೆಲಸ.

ಗಾಳಿ ನುಸುಳುವ ಸಂದು ಹುಡುಕಲು ಊದುಬತ್ತಿಗಿಂತ ಒಳ್ಳೆಯ ಸಾಧನವಿಲ್ಲ. ಗಾಳಿ ಬೀಸುವ ದಿನ ಒಂದನ್ನು ಹಚ್ಚಿ, ಪರದೆಗೆ ತಗುಲದಂತೆ ಕಿಟಕಿಯ ಅಂಚು, ಕಾಗದ ಹಾಕುವ ಬಾಗಿಲಿನ ಸೀಳು, ಬೀಗದ ಕಿಂಡಿ, ನೆಲ ಮತ್ತು ಗೋಡೆ ಸೇರುವಲ್ಲಿ ನಿಧಾನ ಸಾಗಿಸಿ. ಹೊಗೆ ಓಲಾಡಿದಲ್ಲಿ ಸಂದು ಇದೆ. ಕಿಟಕಿಗೆ ಅಂಟುವ ಫೋಮ್ ಪಟ್ಟಿ, ಬಾಗಿಲಿನ ಬುಡಕ್ಕೆ ಬ್ರಷ್ ಪಟ್ಟಿ ಸಾಕು. ಪಟ್ಟಿ ಅಂಟಿಸುವ ಮೊದಲು ಜಾಗ ಒರೆಸಿ ಒಣಗಿಸದಿದ್ದರೆ ವಾರದಲ್ಲೇ ಕಿತ್ತು ಬರುತ್ತದೆ. ಕಿಟಕಿಯ ಮೇಲಂಚಿನ ಗಾಳಿಗಿಂಡಿ, ಹೊರಗೋಡೆಯ ಬುಡದ ತೂತಿನ ಇಟ್ಟಿಗೆ ಇವುಗಳನ್ನು ಮಾತ್ರ ಎಂದೂ ಮುಚ್ಚಬೇಡಿ.

ಬೂಷ್ಟು ಬರುವುದು ಚಳಿಯೊಂದರಿಂದಲೇ ಅಲ್ಲ. ಕುಕ್ಕರಿನ ಆವಿ, ಸ್ನಾನದ ಆವಿ, ಒಳಗೇ ಒಣಹಾಕಿದ ಬಟ್ಟೆಯ ತೇವ ಎಲ್ಲವೂ ತಣ್ಣನೆಯ ಹೊರಗೋಡೆಗೆ ಹೋಗಿ ನೀರಾಗುತ್ತವೆ. ಬೀರುವಿನ ಹಿಂದೆ ಗಾಳಿ ಆಡದ ಕಾರಣ ಅಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳಗಲ ಮುಂದೆ ತನ್ನಿ, ಸಾಧ್ಯವಾದರೆ ಒಳಗೋಡೆಗೇ ಸರಿಸಿ. ಅಡುಗೆ ಮತ್ತು ಸ್ನಾನದ ಹೊತ್ತಿನಲ್ಲಿ ಎಕ್ಸಾಸ್ಟ್ ಫ್ಯಾನ್ ಓಡಲಿ, ಬಾಗಿಲು ಮುಚ್ಚಿರಲಿ. ಬೆಳಿಗ್ಗೆ ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆಯಿರಿ. ಅಷ್ಟರಲ್ಲಿ ತೇವದ ಗಾಳಿ ಹೊರಹೋಗುತ್ತದೆ, ಗೋಡೆಯ ಬಿಸಿ ಉಳಿಯುತ್ತದೆ. ಇಡೀ ದಿನ ಒಂದಿಂಚು ತೆರೆದಿಡುವುದೇ ದುಬಾರಿ.

ಅಟ್ಟದಲ್ಲಿ ಮರದ ತೊಲೆಗಳು ಕಣ್ಣಿಗೆ ಕಾಣುತ್ತಿದ್ದರೆ ಅಲ್ಲಿ ಹಾಸಿರುವ ಗಾಜಿನ ಉಣ್ಣೆ ಸಾಲದು. ಈಗ ಇಂಗ್ಲೆಂಡಿನಲ್ಲಿ ಶಿಫಾರಸು ಮಾಡುವ ದಪ್ಪ 270 ಮಿಲಿಮೀಟರ್. ಇದನ್ನು ಮಾಲೀಕರಿಗೆ ಬರೆದು ತಿಳಿಸಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಾಡಿಗೆ ಮನೆಯ ಇಪಿಸಿ (ಮನೆಯ ಇಂಧನ ಬಳಕೆಯನ್ನು ಅಳೆದು ಕೊಡುವ ಪ್ರಮಾಣಪತ್ರ) ದರ್ಜೆ ಕನಿಷ್ಠ ‘ಇ’ ಇರಬೇಕೆಂಬ ನಿಯಮ 2020ರಿಂದ ಎಲ್ಲ ಹಾಲಿ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಆ ಪ್ರಮಾಣಪತ್ರ ಕೇಳಿ ಪಡೆಯಿರಿ.

ಪ್ರಶ್ನೆ: ನಮ್ಮದು ಹಂಚಿನ ಮನೆ. ಡಿಸೆಂಬರ್, ಜನವರಿಯಲ್ಲಿ 2000 ವಾಟಿನ ಬ್ಲೋವರ್ ಹೀಟರ್ ಹಾಕುತ್ತೇವೆ. ಮುಂದೆ ಕೂತವರಿಗಷ್ಟೇ ಬಿಸಿ, ಕರೆಂಟ್ ಬಿಲ್ ಮಾತ್ರ ಜೋರು. ಆಯಿಲ್ ಹೀಟರ್ ಕೊಂಡರೆ ಉಳಿಯುತ್ತದೆಯೇ?
– ಓದುಗರು, ಮಡಿಕೇರಿ

ಉತ್ತರ: ಉಳಿಯುವುದಿಲ್ಲ. 2000 ವಾಟ್ ಎಂದರೆ ಗಂಟೆಗೆ 2 ಯೂನಿಟ್, ಬ್ಲೋವರ್ ಆದರೂ ಆಯಿಲ್ ಆದರೂ ಕೊಡುವ ಶಾಖ ಅಷ್ಟೇ. ದಿನಕ್ಕೆ 5 ಗಂಟೆ ಹಾಕಿದರೆ ತಿಂಗಳಿಗೆ 300 ಯೂನಿಟ್. ಆಯಿಲ್ ಹೀಟರ್ ಸದ್ದಿಲ್ಲದೆ ಹದವಾಗಿ ಕಾಯಿಸುತ್ತದೆ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಇರುತ್ತದೆ, ಅಷ್ಟೇ ವ್ಯತ್ಯಾಸ. ನಿಮ್ಮ ಶಾಖ ಹೋಗುತ್ತಿರುವುದು ಹಂಚಿನ ಸಂದಿಯಿಂದ. ಬಿಸಿಗಾಳಿ ಮೇಲೇರಿ, ಗೋಡೆಗೂ ಸೂರಿಗೂ ನಡುವಿನ ತೆರಪಿನಲ್ಲಿ ಹೊರಹೋಗುತ್ತದೆ.

ಇಡೀ ಮನೆ ಬೆಚ್ಚಗಿಡುವ ಆಸೆ ಬಿಟ್ಟು ಒಂದು ಕೋಣೆ ಆರಿಸಿಕೊಳ್ಳಿ. ಅದಕ್ಕೆ ಗೋಡೆಯ ಮಟ್ಟದಲ್ಲಿ ಮರದ ಹಲಗೆ ಅಥವಾ ಸಿಮೆಂಟ್ ಫೈಬರ್ ಬೋರ್ಡಿನ ಒಳಮಾಡು ಮಾಡಿಸಿ, ಅದರ ಮೇಲೆ 50 ಮಿಲಿಮೀಟರ್ ಗಾಜಿನ ಉಣ್ಣೆ ಹಾಸಿ. ಜಿಪ್ಸಂ ಬೋರ್ಡ್ ಅಗ್ಗವೆಂದು ಹಾಕಿಸಬೇಡಿ: ಕೊಡಗಿನ ಮಳೆಯಲ್ಲಿ ಒಂದು ಹಂಚು ಸರಿದರೂ ನೀರು ಕುಡಿದು ಉಬ್ಬುತ್ತದೆ. ಥರ್ಮೊಕೋಲ್ ಬೇಡವೇ ಬೇಡ, ವೈರಿನ ಕಿಡಿಗೆ ಹೊತ್ತಿಕೊಳ್ಳುತ್ತದೆ. ಒಳಮಾಡು ಮತ್ತು ಹಂಚಿನ ನಡುವಿನ ಜಾಗದಲ್ಲಿ ಮಾತ್ರ ಗಾಳಿ ಆಡುತ್ತಿರಲಿ, ಇಲ್ಲದಿದ್ದರೆ ಪಕಾಸಿ, ರೀಪು ಕೊಳೆಯುತ್ತವೆ. ಬಿಸಿಲಿರುವಾಗ ಕಿಟಕಿ ತೆರೆದು, ಸಂಜೆ ನಾಲ್ಕೂವರೆಯೊಳಗೆ ಮುಚ್ಚಿ ದಪ್ಪ ಪರದೆ ಎಳೆಯಿರಿ. ರಾತ್ರಿಗೆ ಹೀಟರ್ ಬದಲು 100 ವಾಟ್ ಆಸುಪಾಸಿನ ಎಲೆಕ್ಟ್ರಿಕ್ ಹಾಸು ಹಾಕಿದರೆ ಎಂಟು ಗಂಟೆಗೆ ಒಂದು ಯೂನಿಟ್ ಕೂಡ ಆಗುವುದಿಲ್ಲ.

2000 ವಾಟ್ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೇ ನೇರ ಚುಚ್ಚಿ, ಟಿವಿಯ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದರೆ ಕರಗಿಹೋಗುತ್ತದೆ. ಮುಚ್ಚಿದ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಲೇಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ಪ್ರಶ್ನೆ: ಮೇಣದ ಬತ್ತಿಗಳ ಮೇಲೆ ಮಣ್ಣಿನ ಕುಂಡ ಮುಚ್ಚಿದರೆ ಕೋಣೆ ಬಿಸಿಯಾಗುತ್ತದೆ ಎನ್ನುವ ವಿಡಿಯೊ ನಿಜವೇ?
– ಓದುಗರು, ಬೀದರ್

ಉತ್ತರ: ಕುಂಡ ಶಾಖವನ್ನು ಹುಟ್ಟಿಸುವುದಿಲ್ಲ. ಒಂದು ಪುಟ್ಟ ಬತ್ತಿ ಕೊಡುವುದು 30–40 ವಾಟ್ ಅಷ್ಟೇ, ನಾಲ್ಕು ಹಚ್ಚಿದರೂ ಸಣ್ಣ ಹೀಟರಿನ ಕಾಲು ಭಾಗವೂ ಆಗದು. ಕುಂಡದಡಿ ಮೇಣ ಅತಿಯಾಗಿ ಕಾದು ಒಟ್ಟಿಗೇ ಹೊತ್ತಿಕೊಳ್ಳುವ ಅಪಾಯವೂ ಇದೆ. ಬೇಡ.

ಪ್ರಶ್ನೆ: 25 ಲೀಟರ್ ಗೀಸರನ್ನು ಬೆಳಗಿನಿಂದ ರಾತ್ರಿವರೆಗೆ ಆನ್ ಇಟ್ಟಿರುತ್ತೇವೆ. ಕಾದ ಮೇಲೆ ತಾನೇ ನಿಲ್ಲುವುದರಿಂದ ಖರ್ಚಿಲ್ಲ ಅಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ಖರ್ಚಿದೆ. ನೀರು ನಿಂತಲ್ಲೇ ತಣ್ಣಗಾಗುತ್ತಾ, ಅದು ಮತ್ತೆ ಮತ್ತೆ ಕಾಯಿಸುತ್ತಿರುತ್ತದೆ. 25 ಲೀಟರನ್ನು 20ರಿಂದ 60 ಡಿಗ್ರಿಗೆ ಏರಿಸಲು ಸುಮಾರು 1.2 ಯೂನಿಟ್ ಬೇಕು. ಒಬ್ಬರ ಸ್ನಾನಕ್ಕೆ 40 ಡಿಗ್ರಿಯ ಒಂದು ಬಕೆಟ್, ಅಂದರೆ 20 ಲೀಟರಿಗೆ, ಅರ್ಧ ಯೂನಿಟ್ಟೂ ಬೇಡ. ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ, 2000 ವಾಟ್ ಕಾಯಿಲ್ ಆದರೆ ಮೊದಲ ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿ, ಕೊನೆಯವರು ಒಳಹೊಕ್ಕಾಗ ಆರಿಸಿ. ಬೋರ್‌ವೆಲ್ ನೀರಾದರೆ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಕಾಯುವಾಗ ಕಟಕಟ ಸದ್ದು ಬಂದರೆ ಅದೇ ಸೂಚನೆ. ಎರಡು ವರ್ಷಕ್ಕೊಮ್ಮೆ ಮೆಕ್ಯಾನಿಕ್ ಕರೆಸಿ ಕಾಯಿಲ್ ಬಿಚ್ಚಿಸಿ ತೊಳೆಸಿ, ಮೆಗ್ನೀಸಿಯಂ ರಾಡ್ ಸವೆದಿದ್ದರೆ ಬದಲಿಸಿ, ಇಲ್ಲವಾದರೆ ಮುಂದೆ ಟ್ಯಾಂಕೇ ತೂತಾಗುತ್ತದೆ.