ಅಗಲದ ಟೈರ್ ಹಾಕಿಸಿದ ಮೇಲೆ ನಿಂತಲ್ಲೇ ಸ್ಟೀರಿಂಗ್ ಇಷ್ಟು ಹಾರ್ಡ್ ಯಾಕೆ?

ಪವರ್ ಸ್ಟೀರಿಂಗ್ ಇಲ್ಲದ ಕಾರಿಗೆ ಅಗಲದ ಟೈರ್ ಹಾಕಿಸಿದ್ದೀರಿ. ಪಾರ್ಕ್ ಮಾಡುವಾಗ ಸ್ಟೀರಿಂಗ್ ಜಗ್ಗುವುದೇ ಇಲ್ಲ, ಓಡುವಾಗ ಮಾತ್ರ ಸಲೀಸು, ಏನಾದರೂ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಸ್ಟೀರಿಂಗ್ ಡಿಸೈನ್ ನನ್ನ ಕೆಲಸ. ನೀವು ಹೇಳಿದ್ದು ನೋಡಿದರೆ ಏನೂ ಕೆಟ್ಟ ಹಾಗಿಲ್ಲ.

ಪೆನ್ಸಿಲ್ ಅಳಿಸುವ ರಬ್ಬರನ್ನು ಮೇಜಿಗೆ ಗಟ್ಟಿಯಾಗಿ ಒತ್ತಿ, ಎತ್ತದೆ ತಿರುಗಿಸಿ ನೋಡಿ. ಮೊದಲು ಅದರ ಮೈ ತಿರುಚಿಕೊಳ್ಳುತ್ತದೆ, ಆಮೇಲೆ ಅಂಚು ಜಾರುತ್ತದೆ. ನಿಂತ ಕಾರಿನ ಟೈರಿನ ಪಾಡೂ ಅದೇ. ಸ್ಟೀರಿಂಗ್ ಬಿಟ್ಟ ತಕ್ಷಣ ಸ್ವಲ್ಪ ವಾಪಸ್ ಬರುತ್ತದಲ್ವಾ, ಅದು ಆ ತಿರುಚು ಬಿಚ್ಚಿಕೊಳ್ಳುವುದು. ನಾವು ಬಳಸುವ ಅಂದಾಜು ಲೆಕ್ಕದಲ್ಲಿ, ಮುಂದಿನ ಚಕ್ರದ ಮೇಲೆ ಭಾರ 20% ಏರಿದರೆ ಶ್ರಮ ಸುಮಾರು 30% ಏರುತ್ತದೆ. ಗಾಳಿ 32 ಪಿಎಸ್‌ಐಯಿಂದ 24ಕ್ಕೆ ಇಳಿದರೆ ಸುಮಾರು 15% ಜಾಸ್ತಿ.

ಟೈರ್ ಅಗಲವಾದರೆ ನೆಲಕ್ಕೆ ತಾಗುವ ಜಾಗ ತುಂಬಾ ಹೆಚ್ಚುತ್ತದೆ ಅಂದುಕೊಳ್ಳಬೇಡಿ. ಭಾರ, ಗಾಳಿ ಅಷ್ಟೇ ಇದ್ದರೆ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಅಡ್ಡಕ್ಕೆ ಹಿಗ್ಗಿ, ಉದ್ದಕ್ಕೆ ಕುಗ್ಗುತ್ತದೆ. ರಿಮ್ ಕೂಡ ಬದಲಾಯಿಸಿದ್ದೀರಾ? ನನ್ನ ಅನುಮಾನ ಅಲ್ಲಿ. ಹೊಸ ರಿಮ್ ಚಕ್ರವನ್ನು ಹೊರಗೆ ತಳ್ಳಿದ್ದರೆ, ಬ್ರೇಕ್ ಒತ್ತಿಕೊಂಡು ತಿರುಗಿಸುವಾಗ ಇಡೀ ಟೈರನ್ನು ನೆಲದ ಮೇಲೆ ಎಳೆದ ಹಾಗೆ. ಬ್ರೇಕ್ ಬಿಡಿ, ಗಾಡಿ ಒಂಚೂರು ಉರುಳಲಿ, ಆಗ ತಿರುಗಿಸಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಓಡುವಾಗ ಕಥೆಯೇ ಬೇರೆ. ನೆಲ ತಾಗಿದ ರಬ್ಬರ್ ಕ್ಷಣದಲ್ಲಿ ಮೇಲೆದ್ದು ಹೋಗುತ್ತದೆ, ತಿರುಚು ಸೇರಿಕೊಳ್ಳಲು ಸಮಯವೇ ಇಲ್ಲ. ಆಗ ಕೈಗೆ ಸಿಗುವ ಭಾರ ಬೇರೆ ಕಡೆಯಿಂದ ಬರುತ್ತದೆ. ತಿರುವಿನಲ್ಲಿ ನೆಲ ಟೈರನ್ನು ಪಕ್ಕಕ್ಕೆ ತಳ್ಳುವ ಬಲ ಟೈರಿನ ನಡುವೆ ಬೀಳದೆ, ಕೆಲವು ಸೆಂಟಿಮೀಟರ್ ಹಿಂದೆ ಬೀಳುತ್ತದೆ. ಅದಕ್ಕೇ ಚಕ್ರ ನೇರಕ್ಕೆ ಬರಲು ನೋಡುತ್ತದೆ.

ನನಗೆ ತುಂಬಾ ಇಷ್ಟವಾದ ವಿಷಯ ಇಲ್ಲಿದೆ. ತಿರುವು ಜೋರಾದಂತೆ ತಾಗುವ ಜಾಗದ ಹಿಂಭಾಗ ಮೊದಲು ಜಾರುತ್ತದೆ, ಬಲ ಹಿಂದೆ ಬೀಳುವ ಆ ಕೆಲವು ಸೆಂಟಿಮೀಟರ್ ಅಂತರ ಕುಗ್ಗುತ್ತದೆ. ಹಿಡಿತ ಪೂರ್ತಿ ಮುಗಿಯುವ ಮೊದಲೇ ಸ್ಟೀರಿಂಗ್ ಹಗುರವಾಗುತ್ತದೆ. ಟೈರ್ ಕೊಡುವ ಎಚ್ಚರಿಕೆ ಅದು. ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಲಿ ಅಂತ ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವ ಅಕ್ಷದ ಸುತ್ತ ತಿರುಗುತ್ತದೋ ಅದು ಹಿಂದಕ್ಕೆ ವಾಲಿರುವ ಕೋನ) ಜಾಸ್ತಿ ಕೊಟ್ಟರೆ ಈ ಸುಳಿವು ಮುಚ್ಚಿಹೋಗುತ್ತದೆ. ಡಿಸೈನ್‌ನಲ್ಲಿ ನಾವು ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಮೊದಲು ಗಾಳಿ ನೋಡಿಸಿ. ಹಳೇ ರಿಮ್, ಹೊಸ ರಿಮ್ ಎರಡರ ಮೇಲೂ ಸಾಮಾನ್ಯವಾಗಿ ಇಟಿ (ET) ಅಂತ ಒಂದು ನಂಬರ್ ಇರುತ್ತದೆ, ರಿಮ್‌ನ ನಡುಗೆರೆಯಿಂದ ಅದು ಬೋಲ್ಟ್ ಆಗುವ ಮುಖ ಎಷ್ಟು ದೂರ ಅನ್ನುವ ಅಳತೆ ಅದು. ರಿಮ್ ಅಗಲದ ಜೊತೆ ಅದನ್ನೂ ಬರೆಯಿರಿ, ಚಕ್ರ ಎಷ್ಟು ಹೊರಗೆ ಬಂದಿದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.